ಎಂಜಿನ್‌ನ ಹೊತ್ತು ಕಾಯುವ ಬೆಲ್ಟು, ಚೈನು

ಎಂಜಿನ್‌ನೊಳಗೆ ಎರಡು ದಂಡಗಳು ಒಂದೇ ತಾಳಕ್ಕೆ ತಿರುಗಬೇಕು. ಕೆಳಗಿನ ಕ್ರ್ಯಾಂಕ್ ಪಿಸ್ಟನ್‌ಗಳನ್ನು ಏರಿಸಿ ಇಳಿಸುತ್ತದೆ, ಮೇಲಿನ ಕ್ಯಾಮ್ ವಾಲ್ವ್‌ಗಳನ್ನು ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದೇ ಸುತ್ತು ಬರಬೇಕಾದ್ದರಿಂದ ಕ್ಯಾಮ್ ಪುಲ್ಲಿಗೆ ಕ್ರ್ಯಾಂಕ್ ಪುಲ್ಲಿಯ ಇಮ್ಮಡಿ ಹಲ್ಲು. ಈ ಎರಡನ್ನೂ ಜೊತೆಗೂಡಿಸುವುದೇ ಟೈಮಿಂಗ್ ಬೆಲ್ಟ್ ಅಥವಾ ಚೈನ್. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಊರುಗಳಲ್ಲಿ ಟ್ರ್ಯಾಕ್ಟರ್, ಕಾರು ಒಂದೇ ಅಂಗಳದಲ್ಲಿ ನಿಲ್ಲುತ್ತವೆ. ಟ್ರ್ಯಾಕ್ಟರ್‌ನಲ್ಲಿ ಈ ಕೆಲಸ ಗೇರುಗಳದ್ದು, ಬೆಲ್ಟ್ ಬದಲಿಸುವ ಮಾತೇ ಬರುವುದಿಲ್ಲ. ಅದೇ ರೂಢಿಯನ್ನು ಕಾರಿಗೂ ಹಚ್ಚಿದರೆ ಪೆಟ್ಟು ಬೀಳುತ್ತದೆ. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವ ಬೆಲ್ಟ್ ಡೈನಮೋ, ಏಸಿಗಳದ್ದು. ಟೈಮಿಂಗ್ ಬೆಲ್ಟ್ ಇರುವುದು ಪ್ಲಾಸ್ಟಿಕ್ ಮುಚ್ಚಳದ ಒಳಗೆ.

1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರು ಹಲ್ಲಿನ ರಬ್ಬರ್ ಬೆಲ್ಟನ್ನು ಈ ಕೆಲಸಕ್ಕೆ ತಂದಿತು. ಸದ್ದು ಕಡಿಮೆ, ತೂಕ ಕಡಿಮೆ, ಎಣ್ಣೆ ಬೇಡ. ಮಾರುತಿ 800, ಟಾಟಾ ಇಂಡಿಕಾ ಡೀಸೆಲ್, ಡಸ್ಟರ್ ಡೀಸೆಲ್ ಬೆಲ್ಟಿನ ಗಾಡಿಗಳು. ಫಿಯೆಟ್ ರೂಪಿಸಿದ 1.3 ಲೀಟರ್ ಎಂಜಿನ್‌ನ ಸ್ವಿಫ್ಟ್, ಡಿಜೈರ್ ಡೀಸೆಲ್‌ಗಳಲ್ಲಿರುವುದು ಚೈನ್.

ಬೆಲ್ಟ್ ಸಾಮಾನ್ಯವಾಗಿ ಹೇಳಿ ಕೇಳಿ ಹರಿಯುವುದಿಲ್ಲ. ರಬ್ಬರಿನೊಳಗಿನ ಗಾಜಿನ ನಾರು ಸವೆಯುವುದು ಹೊರಗೆ ಕಾಣದು. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಹೆಡ್ಡಿಗೆ ತೀರ ಹತ್ತಿರ ಏರುತ್ತದೆ. ಓಡುವಾಗ ಬೆಲ್ಟ್ ಹರಿದರೆ ಕ್ಯಾಮ್ ಅಲ್ಲೇ ನಿಲ್ಲುತ್ತದೆ, ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ. ಹೆಡ್ ಇಳಿಸದೆ ಗತಿಯಿಲ್ಲ. ಗಾಡಿ ತಟ್ಟನೆ ನಿಂತು, ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗಿದರೆ ಬೆಲ್ಟ್ ಹೋಗಿದೆ ಎಂದೇ ಅನುಮಾನಿಸಬೇಕು. ಮತ್ತೆ ಸೆಲ್ಫ್ ಹೊಡೆಯಬಾರದು. ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ.

ಆದ್ದರಿಂದ ಬೆಲ್ಟಿಗೆ ಗಡುವು ಮುಖ್ಯ. ಗಾಡಿಯ ಕೈಪಿಡಿ ಕಿಲೋಮೀಟರನ್ನೂ ವರ್ಷವನ್ನೂ ಹೇಳಿದ್ದರೆ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಕಬ್ಬು ನುರಿಸುವ ಹಂಗಾಮಿನಲ್ಲಿ ಜೋಡಿ ಟ್ರೇಲರ್‌ಗಳ ಹಿಂದೆ ತೆವಳುವ ಕಾರು ಕಿಲೋಮೀಟರ್ ತೋರಿಸುವುದು ಕಡಿಮೆ, ಎಂಜಿನ್ ತಿರುಗುವುದು ಹೆಚ್ಚು. ಅಂಥ ಗಾಡಿಗೆ ಗಡುವಿನ ಮುಂಚೆಯೇ ಬದಲಿಸುವುದು ಲೇಸು. ಮುಚ್ಚಳದ ಒಂದು ಬೋಲ್ಟ್ ಸಡಿಲಾದರೂ ಹೊಲದ ದಾರಿಯ ಧೂಳು ಒಳಹೊಕ್ಕು ಹಲ್ಲುಗಳನ್ನು ತಿನ್ನುತ್ತದೆ. ಸೀಲ್ ಸೋರಿ ಆಯಿಲ್ ತಾಗಿದರೆ ರಬ್ಬರ್ ಉಬ್ಬುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದಂಥ ನೆರೆಯಲ್ಲಿ ಮುಳುಗಿದ ಕಾರಿನ ಮುಚ್ಚಳದೊಳಗೆ ರಾಡಿ ನಿಂತಿರುತ್ತದೆ. ಎಂಜಿನ್ ಸ್ವಚ್ಛ ಮಾಡಿದರೂ ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಬೇರಿಂಗ್‌ನ ಗ್ರೀಸ್ ತೊಳೆದುಹೋಗಿರಬಹುದು; ಮುಚ್ಚಳ ಬಿಚ್ಚಿ ನೋಡದೆ ಆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ಚೈನಿನ ಸ್ವಭಾವ ಬೇರೆ. ಅದು ಎಂಜಿನ್ ಆಯಿಲ್‌ನಲ್ಲೇ ಮಿಂದು ಓಡುತ್ತದೆ, ಹೆಚ್ಚಿನ ಗಾಡಿಗಳಲ್ಲಿ ಅದನ್ನು ಬಿಗಿಹಿಡಿಯುವ ಟೆನ್ಷನರ್ ಕೂಡ ಆಯಿಲ್ ಒತ್ತಡದಿಂದಲೇ ದುಡಿಯುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡಿದಷ್ಟೂ ಕೊಂಡಿಗಳ ಪಿನ್ನು ಸವೆದು ಚೈನ್ ಉದ್ದವಾಗುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಗರಗರ ಸದ್ದು ಬರುವುದು ಅದರ ಮೊದಲ ದೂರು. ಸದ್ದು ದಿನೇದಿನೇ ಉದ್ದವಾದರೆ, ಜೊತೆಗೆ ಚೆಕ್ ಎಂಜಿನ್ ದೀಪ ಹತ್ತಿ ಸ್ಕ್ಯಾನರ್ ಪಿ0016 ಎಂದರೆ, ಕ್ರ್ಯಾಂಕ್–ಕ್ಯಾಮ್ ತಾಳ ತಪ್ಪುತ್ತಿರುವುದನ್ನು ಮೊದಲು ಪರೀಕ್ಷಿಸಬೇಕು. ಬದಲಿಸುವಾಗ ಚೈನ್ ಒಂದನ್ನೇ ಅಲ್ಲ, ಗೈಡ್, ಟೆನ್ಷನರ್ ಸಮೇತ ಹಾಕಬೇಕು.

ಬೆಲ್ಟಿಗೂ ಇದೇ ಮಾತು. ಟೆನ್ಷನರ್, ಐಡ್ಲರ್ ಬೇರಿಂಗ್ ಜೊತೆಗೇ ಬರಲಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವ ಎಂಜಿನ್ ಆದರೆ ಅದೂ ಹೊಸದಾಗಲಿ. ಹಳೆಯ ಪಂಪ್ ನಾಳೆ ಸೋರಿದರೆ ಅದೇ ಮಜೂರಿ ಮತ್ತೆ ಕೊಡಬೇಕು. ಪುಲ್ಲಿಗಳ ಮೇಲಿನ ಗುರುತುಗಳನ್ನು ಹೆಡ್ಡು, ಬ್ಲಾಕಿನ ಗುರುತಿಗೆ ಕೂಡಿಸಿ ಬೆಲ್ಟ್ ಏರಿಸಿದ ಮೇಲೆ, ಸೆಲ್ಫ್ ಹೊಡೆಯುವ ಮುಂಚೆ, ಪಾನಾ ಹಾಕಿ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಗುರುತುಗಳು ಮತ್ತೆ ಎದುರುಬದುರು ನಿಲ್ಲಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿ, ಮೊದಲಿನಿಂದ ಕೂಡಿಸಬೇಕು.

ಹಳೆಯ ಕಾರು ಕೊಳ್ಳುವಾಗ ಬೆಲ್ಟ್ ಬದಲಿಸಿದ ರಸೀದಿ ಸಿಗದಿದ್ದರೆ ಬದಲಿಸಿಲ್ಲ ಎಂದೇ ಎಣಿಸಿ, ಆ ಖರ್ಚನ್ನು ಬೆಲೆಯಲ್ಲೇ ಕಳೆಯಬೇಕು. ಹೊಸದನ್ನು ಹಾಕಿಸಿದ ದಿನ ಮುಚ್ಚಳದ ಮೇಲೆ ತಾರೀಖು, ಕಿಲೋಮೀಟರ್ ಬರೆದಿಟ್ಟರೆ ಮುಂದಿನ ಮಿಸ್ತ್ರಿಗೆ ಲೆಕ್ಕ ಸಿಗುತ್ತದೆ.