ಗುಂಡಿಗೆ ಆಳನ್ನು ಇಳಿಸುವ ಮುನ್ನ



ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಮನೆ ಕಟ್ಟುವ ಕೆಲಸ ಆರಂಭವಾಗುತ್ತದೆ. ಪಾಯ ತೋಡುವುದು, ನೀರಿನ ಸಂಪು ಕಟ್ಟುವುದು, ಕಕ್ಕಸಿನ ಗುಂಡಿ ತೆಗೆಯುವುದು ಒಂದರ ಹಿಂದೊಂದು ನಡೆಯುತ್ತವೆ. ಗೋಡೆ ಮೇಲೇರಿದಾಗ ಆಳುಗಳು ಬಿದ್ದಾರೆಂಬ ಭಯ ಎಲ್ಲರಿಗೂ ಇರುತ್ತದೆ. ನೆಲದ ಕೆಳಗಿನ ಕೆಲಸದಲ್ಲಿ ಭಯಪಡುವಂಥದು ಏನಿದೆ ಎಂದು ಬಹುಮಂದಿ ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಗುಂಡಿಯ ಅಪಾಯ ಕಣ್ಣಿಗೆ ಕಾಣದು. ಬಂದಾಗ ಕೂಗುವುದಕ್ಕೂ ಸಮಯ ಕೊಡದು.

ಹಳ್ಳಿಯ ಮನೆಗೆ ಇಂಜಿನಿಯರು ದಿನವೂ ಬರುವುದಿಲ್ಲ. ಮೇಸ್ತ್ರಿ ಬೇರೆ ಊರಲ್ಲೂ ಕೆಲಸ ಹಿಡಿದಿರುತ್ತಾನೆ. ಆದುದರಿಂದ ಮನೆಯ ಯಜಮಾನರಾದ ತಾವೇ ಈ ವಿಷಯಕ್ಕೆ ಲಕ್ಷ್ಯ ಕೊಡಬೇಕು.

ಕುಸಿಯುವ ಮಣ್ಣು

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಅಂದರೆ ಸುಮಾರು ಎರಡು ಜೊತೆ ಎತ್ತುಗಳ ತೂಕ. ಅಷ್ಟು ಭಾರ ಎದೆಯ ಮೇಲೆ ಬಿದ್ದರೆ ತಲೆ ಹೊರಗಿದ್ದರೂ ಉಸಿರಾಡಲು ಆಗುವುದಿಲ್ಲ. ಎರೆಭೂಮಿಯಲ್ಲಿ ಅಪಾಯ ಇನ್ನೂ ಹೆಚ್ಚು. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ನಿನ್ನೆ ಗಟ್ಟಿಯಾಗಿ ನಿಂತಿದ್ದ ಅಂಚು ಮಳೆಯ ಮಾರನೆಯ ದಿನ ಜರಿದು ಬೀಳಬಹುದು.

ಒಂದೂವರೆ ಮೀಟರಿಗಿಂತ, ಅಂದರೆ ಸುಮಾರು ಐದು ಅಡಿಗಿಂತ ಆಳವಾಗಿ ಅಗೆಯುವುದಾದರೆ, ಗೋಡೆಗಳಿಗೆ ಹಲಗೆ ಮತ್ತು ಅಡ್ಡತೊಲೆಗಳ ಆಸರೆ ಕೊಡಬೇಕು. ಇಲ್ಲವೇ ಅಂಚನ್ನು ಓರೆಯಾಗಿ ಕಡಿಯಬೇಕು. ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕದೆ ಕನಿಷ್ಠ ಐದು ಅಡಿ ದೂರಕ್ಕೆ ಸಾಗಿಸಬೇಕು. ಇಟ್ಟಿಗೆ ತಂದ ಟ್ರ್ಯಾಕ್ಟರು ಗುಂಡಿಯ ಹತ್ತಿರ ನಿಲ್ಲಬಾರದು. ಮಳೆ ಬಂದರೆ ಅಂಚನ್ನು ಪರೀಕ್ಷಿಸದೆ ಯಾರನ್ನೂ ಇಳಿಸಬಾರದು. ಹತ್ತಲು ಏಣಿಯೊಂದು ಯಾವಾಗಲೂ ಒಳಗೇ ಇರತಕ್ಕದ್ದು.

ಹೊಸ ಸಂಪಿನೊಳಗಿನ ಗಾಳಿ

ಸಂಪಿನ ಮೇಲೆ ಕಾಂಕ್ರೀಟು ಹಾಕಿ ಮುಚ್ಚಿ, ಎರಡು ಮೂರು ವಾರ ಬಿಟ್ಟು, ಒಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚಲು ಆಳು ಇಳಿಯುತ್ತಾನೆ. ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ನೋಡಲು ಹೋದ ಎರಡನೆಯವನೂ ಬರುವುದಿಲ್ಲ. ನಮ್ಮ ದೇಶದಲ್ಲಿ ಇಂತಹ ಸಾವುಗಳು ಮತ್ತೆ ಮತ್ತೆ ಆಗಿವೆ. ಕೆಲವರು ಇದನ್ನು "ಗಾಳಿ ಸೋಕಿತು", "ಗುಂಡಿ ಬಲಿ ಬೇಡಿತು" ಎನ್ನುತ್ತಾರೆ. ಕಾರಣ ಗಾಳಿಯೇ ನಿಜ, ಆದರೆ ದೆವ್ವದ ಗಾಳಿಯಲ್ಲ.

ನಾವು ಉಸಿರಾಡುವ ಗಾಳಿಯ 100 ಪಾಲಿನಲ್ಲಿ ಸುಮಾರು 21 ಪಾಲು ಆಮ್ಲಜನಕವಿದೆ. ಮುಚ್ಚಿದ ಸಂಪಿನಲ್ಲಿ ಹಸಿ ಹಲಗೆಗಳೂ ನಿಂತ ನೀರೂ ಇರುತ್ತವೆ. ಮರ ಕೊಳೆಯುವಾಗ ಅದರಲ್ಲಿ ಬೆಳೆಯುವ ಬೂಷ್ಟು ಮತ್ತು ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಇದು ಗಾಳಿಗಿಂತ ಭಾರವಾದುದರಿಂದ ತಳದಲ್ಲೇ ನಿಲ್ಲುತ್ತದೆ. ಆಮ್ಲಜನಕ 10 ಪಾಲಿಗಿಂತ ಕೆಳಗಿಳಿದರೆ ಮನುಷ್ಯನ ಪ್ರಜ್ಞೆ ಬೇಗನೆ ತಪ್ಪುತ್ತದೆ. ವಾಸನೆಯಿಲ್ಲದ ಕಾರಣ ಅವನಿಗೆ ಯಾವ ಸೂಚನೆಯೂ ಸಿಗುವುದಿಲ್ಲ.

ಹಾಳು ಬಾವಿಗೆ ದೀಪ ಇಳಿಬಿಟ್ಟು ನೋಡುವುದು ಹಿರಿಯರ ರೂಢಿ. ದೀಪ ಆರಿದರೆ ಇಳಿಯಬಾರದೆಂಬುದು ಸರಿಯೇ. ಆದರೆ ದೀಪ ಉರಿಯಿತೆಂದು ಧೈರ್ಯ ಮಾಡಬಾರದು. ವಿಷದ ಅನಿಲವಿದ್ದರೂ ದೀಪ ಉರಿಯಬಹುದು. ಬಳಸಿದ ಕಕ್ಕಸಿನ ಗುಂಡಿಗಂತೂ ಬೆಂಕಿ ತೋರಲೇಬಾರದು, ಅಲ್ಲಿನ ಅನಿಲ ಹೊತ್ತಿಕೊಂಡು ಸಿಡಿದೀತು. ಅಂತಹ ಗುಂಡಿಗೆ ರಕ್ಷಣೆಯ ಸಲಕರಣೆಗಳಿಲ್ಲದೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಈ ಕೆಲಸಕ್ಕೆ ಯಂತ್ರವನ್ನೇ ಕರೆಸಬೇಕು.

ಮಾಡತಕ್ಕ ಕೆಲಸಗಳು

1. ಚಿಕ್ಕ ಸಂಪಾದರೆ ಗಾರೆ ಕೆಲಸವನ್ನೆಲ್ಲ ಮೊದಲೇ ಮುಗಿಸಿ, ಮೇಲೆ ಕಲ್ಲಿನ ಚಪ್ಪಡಿ ಹೊದಿಸಿರಿ. ಆಗ ಹಲಗೆ ಬಿಚ್ಚಲು ಯಾರೂ ಇಳಿಯಬೇಕಾಗಿಲ್ಲ. ಇದು ಎಲ್ಲಕ್ಕಿಂತ ಉತ್ತಮ ಉಪಾಯ.

2. ಕಾಂಕ್ರೀಟೇ ಹಾಕುವುದಾದರೆ ಎದುರುಬದುರಾಗಿ ಎರಡು ಬಾಯಿ ಬಿಡಿಸಿರಿ. ಮಕ್ಕಳು ಬೀಳದಂತೆ ಸುತ್ತ ಬೇಲಿ ಕಟ್ಟಿರಿ.

3. ಇಳಿಯುವ ಮುನ್ನ ಕನಿಷ್ಠ ಒಂದು ಹಗಲು ಒಂದು ರಾತ್ರಿ ಎರಡೂ ಬಾಯಿ ತೆರೆದಿಡಿರಿ. ಇದೊಂದೇ ಸಾಲದು. ಗಾಳಿಯೂದುವ ಯಂತ್ರವನ್ನು ಹೊರಗಿಟ್ಟು, ಉದ್ದ ಕೊಳವೆಯಿಂದ ತಳಕ್ಕೆ ಗಾಳಿ ಮುಟ್ಟಿಸಿರಿ. ಕೆಲಸ ಮುಗಿಯುವವರೆಗೂ ಅದನ್ನು ನಿಲ್ಲಿಸಬಾರದು.

4. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಗುಂಡಿಯೊಳಗಾಗಲಿ ಬಾಯಿಯ ಹತ್ತಿರವಾಗಲಿ ನಡೆಸಬೇಡಿರಿ. ಅದರ ಹೊಗೆಯೂ ವಿಷವೇ.

5. ಇಳಿಯುವವನ ಕಂಕುಳ ಕೆಳಗೆ ಗಟ್ಟಿ ಹಗ್ಗ ಕಟ್ಟಿ, ಮೇಲೆ ಇಬ್ಬರು ಬಲವಾದ ಆಳುಗಳು ಹಿಡಿದಿರಲಿ. ಅವನೊಡನೆ ಮಾತಾಡುತ್ತಲೇ ಇರಬೇಕು. ಉತ್ತರ ಬರದಿದ್ದರೆ ಕೂಡಲೇ ಎಳೆಯಬೇಕು.

ಒಳಗಿದ್ದವನು ಬಿದ್ದರೆ

ಅಣ್ಣ ಬಿದ್ದನೆಂದು ತಮ್ಮ ಹಾರುತ್ತಾನೆ. ಒಂದು ಸಾವು ಎರಡಾಗುತ್ತದೆ. ಎಷ್ಟೇ ಸಂಕಟವಾದರೂ ಯಾರೂ ಇಳಿಯಬಾರದು. ಹಗ್ಗ ಎಳೆಯಿರಿ, ಒಳಕ್ಕೆ ಗಾಳಿ ಊದಿಸಿರಿ, 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನೂ 108ಕ್ಕೆ ಕರೆ ಮಾಡಿ ಆಂಬುಲೆನ್ಸನ್ನೂ ಕರೆಸಿರಿ.

ಬಾಂಧವರೇ, ಒಂದು ದಿನ ತಡವಾದರೆ ಒಂದು ದಿನದ ಕೂಲಿ ಹೆಚ್ಚಾದೀತು, ಅಷ್ಟೆ. ತಮ್ಮ ಮನೆಗೆ ಬೆವರು ಸುರಿಸುವ ಆಳಿನ ಮನೆಯಲ್ಲೂ ಸಂಜೆ ಅವನ ದಾರಿ ಕಾಯುವವರಿದ್ದಾರೆ. ಗೃಹಪ್ರವೇಶದ ಊಟಕ್ಕೆ ಮನೆ ಕಟ್ಟಿದವರೆಲ್ಲರೂ ಬಂದು ಕುಳಿತರೆ ಆ ಮನೆಗೆ ಅದೇ ಶೋಭೆ.