ತಮ್ಮ "ಸಾಲಿ ಬ್ಯಾಡ" ಅಂದಾಗ

ದೀಪಾವಳಿ ರಜೆ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೆ ನಮ್ಮಲ್ಲಿ ಒಬ್ಬರಿಗಾದರೂ ಊರಿಂದ ಈ ಫೋನ್ ಬರುತ್ತದೆ. "ಅಣ್ಣಾ, ನನಗ ಸಾಲಿ ಬ್ಯಾಡಾಗೇತಿ. ನಾ ಇನ್ನ ಹೋಗಂಗಿಲ್ಲ." ಯಾಕೋ ಅಂದರೆ "ಸುಮ್ನ" ಅಂತಾನೆ. ಅಪ್ಪ ಪಕ್ಕದಿಂದ "ನೀನ ಹೇಳಪಾ ಅವಗ" ಅಂತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದ ನಮಗೆ ಇದು ಹೊಸದಲ್ಲ. ಮನೆಯಲ್ಲಿ ಇಲ್ಲೀತನಕ ಓದಿದವರು ನಾವೇ ಮೊದಲು, ಹಾಗಾಗಿ ಬುದ್ಧಿ ಹೇಳೋ ಕೆಲಸವೂ ನಮ್ಮದೇ.

ನಾವು ಸಾಮಾನ್ಯವಾಗಿ ಏನು ಮಾಡ್ತೀವಿ? "ಹುಚ್ಚನಂಗ ಮಾಡಬ್ಯಾಡ, ಸುಮ್ನ ಓದು" ಅಂತ ಬೈದು ಫೋನ್ ಇಡ್ತೀವಿ. ಅದರಿಂದ ಏನೂ ಆಗಲ್ಲ. ಈ ಸಲ ನಾಲ್ಕು ತಾಲ್ಲೂಕಿನ ನಾವು ಕೆಲವರು ಕೂತು ಮಾತಾಡಿ, ಗೊತ್ತಿರೋದನ್ನ ಇಲ್ಲಿ ಬರೆದಿದ್ದೀವಿ.

ಒಂಬತ್ತನೇ ಕ್ಲಾಸೇ ಯಾಕೆ?

2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿವರೆಗೆ ಮಾತ್ರ. ಇನ್ನೊಂದು ಕಡೆ, 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ದಾಟಿದವರಿಗೆ ಅಪಾಯಕಾರಿ ಕೆಲಸಗಳನ್ನು ಮಾತ್ರ ನಿಷೇಧಿಸುತ್ತದೆ. ಅಂದರೆ ಶಾಲೆಯ ಹಿಡಿತ ಸಡಿಲಾಗುವ ವಯಸ್ಸಿಗೇ ಕೆಲಸದ ಬಾಗಿಲು ತೆರೆಯುತ್ತದೆ. ನಮ್ಮ ಕಡೆ ದೀಪಾವಳಿ ಆಸುಪಾಸು ಎಷ್ಟೋ ಮನೆಗಳು ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋಗಿ ಯುಗಾದಿ ಹೊತ್ತಿಗೆ ವಾಪಸ್ ಬರ್ತವೆ. ಎಸ್ಸೆಸ್ಸೆಲ್ಸಿ ಓದು ಬಿಗಿಯಾಗೋದೂ ಅದೇ ತಿಂಗಳುಗಳಲ್ಲಿ. ಬೇಸರ ಹುಡುಗನ ತಲೆಯೊಳಗಿಂದಲೇ ಹುಟ್ಟಿತು ಅಂತ ತಿಳಿದರೆ ಅರ್ಧ ತಪ್ಪಿದ ಹಾಗೆ.

"ಸುಮ್ನ" ಒಳಗೆ ಏನಿದೆ?

ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಬೋರ್ಡನ್ನೇ ಎಸೆಯೋದಿಲ್ಲ, ಎಲ್ಲಿ ಕೆಟ್ಟಿದೆ ಅಂತ ನೋಡ್ತೀವಿ. ಇಲ್ಲೂ ಹಾಗೆಯೇ.

ಪಾಠ ತಿಳೀತಿಲ್ಲವಾ? ಒಂಬತ್ತರ ಗಣಿತ ಬರದಿರೋದಕ್ಕೆ ಕಾರಣ ಬಹಳ ಸಲ ಆರನೇ ಕ್ಲಾಸಿನ ಭಿನ್ನರಾಶಿ. ಇದನ್ನ ರಜೆಯಲ್ಲಿ ನಾವೇ ಕೂತು ಸರಿಮಾಡಬಹುದು.

ಯಾರಾದರೂ ಕಾಡ್ತಿದ್ದಾರಾ, ಹೊಡೀತಿದ್ದಾರಾ? ಹಾಗಿದ್ದರೆ "ತಡ್ಕೋ" ಅನ್ನೋದು ಸರಿಯಲ್ಲ. ಹೆಡ್ ಮಾಸ್ತರ ಹತ್ತಿರ ದೊಡ್ಡವರು ಹೋಗಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಟಿಸಿ ತಗೊಂಡು ಬೇರೆ ಹೈಸ್ಕೂಲಿಗೆ ಸೇರಿಸಬಹುದು.

ಮನೆಯ ದುಡ್ಡಿನ ಚಿಂತೆಯಾ? ಅಪ್ಪ ಅವ್ವ ದುಡಿಯೋಕೆ ಹೊರಗೆ ಹೋದರೆ ಮೆಟ್ರಿಕ್ ಪೂರ್ವ ಹಾಸ್ಟೆಲ್ ನೋಡಬೇಕು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ನಡೆಸ್ತವೆ.

ನಿದ್ದೆ ಇಲ್ಲ, ಊಟ ಸೇರಲ್ಲ, ಮೊದಲು ಇಷ್ಟ ಇದ್ದ ಕ್ರಿಕೆಟ್ಟೂ ಬೇಡವಾಗಿದೆಯಾ? ಆಗ ಅದು ಬರೇ ಶಾಲೆಯ ಬೇಸರ ಅಲ್ಲದೇ ಇರಬಹುದು. ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನಸ್ಸು ಕುಸಿದಿರೋವಾಗ ಶಾಲೆ ಬಿಡುವ ತೀರ್ಮಾನವನ್ನೂ ಮಾಡಬಾರದು, ಶಾಲೆಗೆ ಒತ್ತಾಯ ಮಾಡಿ ನೂಕಲೂಬಾರದು. ಮೊದಲು ಅದನ್ನ ನೋಡಬೇಕು.

ನಮ್ಮಲ್ಲೊಬ್ಬನ ತಮ್ಮ ಮೂರು ದಿನ "ಸುಮ್ನ" ಅಂದ. ನಾಲ್ಕನೇ ದಿನ ಹೊರಬಿತ್ತು: ಕ್ಲಾಸಿನಲ್ಲಿ ಓದಿಸಿದಾಗ ತೊದಲ್ತಾನೆ, ಎಲ್ಲಾರೂ ನಗ್ತಾರೆ. ಅವನಿಗೆ ಬೇಡವಾಗಿದ್ದು ಆ ಒಂದು ಪೀರಿಯಡ್ಡು. ಅದಕ್ಕೆ ಇಡೀ ಶಾಲೆ ಬಿಡೋಕೆ ಹೊರಟಿದ್ದ.

ಹತ್ತನೇ ಪಾಸಾಗದಿದ್ದರೆ ಏನೇನು ಮುಚ್ಚುತ್ತದೆ?

ಪಾಲಿಟೆಕ್ನಿಕ್ ಡಿಪ್ಲೊಮಾ ಸಿಗಲ್ಲ. ಐಟಿಐನಲ್ಲಿ ಎಂಟನೇ ಪಾಸಿಗೆ ಸಿಗುವ ಟ್ರೇಡ್ ಕೆಲವೇ. ನಮ್ಮೂರ ಹುಡುಗರು ಬೆಳಗ್ಗೆ ಎದ್ದು ಓಡ್ತಾರಲ್ಲ, ಆ ಅಗ್ನಿವೀರ್ ಜನರಲ್ ಡ್ಯೂಟಿಗೂ ಹತ್ತನೇ ಪಾಸು ಬೇಕು. ಗಲ್ಫ್‌ಗೆ ದುಡಿಯೋಕೆ ಹೋಗುವವರ ಪಾಸ್‌ಪೋರ್ಟಿನಲ್ಲೂ ಹತ್ತನೇ ಪಾಸಾದವರಿಗೆ ಎಮಿಗ್ರೇಷನ್ ಕ್ಲಿಯರೆನ್ಸಿನ ತಾಪತ್ರಯ ತಪ್ಪುತ್ತದೆ.

ಪಾಸಾದರೆ? ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಬರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿಗೆ ಸೇರಬಹುದು. ನಿಮ್ಮ ಸೆಕ್ಷನ್ನಿನಲ್ಲೇ ಹಾಗೆ ಬಂದವರಿದ್ದಾರೆ, ಅವರ ನಂಬರ್ ತಮ್ಮನಿಗೆ ಕೊಡಿ. ಪುಸ್ತಕ ಬೇಡ, ಕೈಕೆಲಸ ಇಷ್ಟ ಅನ್ನೋ ಹುಡುಗನಿಗೆ ನಮ್ಮ ಉಪದೇಶಕ್ಕಿಂತ ಆ ಒಂದು ಫೋನ್ ಹೆಚ್ಚು ಹಿಡಿಸುತ್ತದೆ. ಫೇಲಾಗೋ ಹೆದರಿಕೆ ಇದ್ದರೆ ಇದನ್ನೂ ಹೇಳಿ: ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ.

ಬಿಡಲೇಬೇಕು ಅಂದರೆ?

ಕೆಲವರಿಗೆ ಶಾಲೆಗೆ ಹೋಗೋದು ನಿಜವಾಗಿಯೂ ಆಗೋದಿಲ್ಲ. ಅವರಿಗೂ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ (ಎನ್ಐಓಎಸ್) 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಒಂದು ಸಲ ಸೇರಿದರೆ ಐದು ವರ್ಷ ಸಮಯ, ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಬಹುದು. ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯೋಕೂ ಅವಕಾಶ ಇದೆ. ಆದರೆ ಅರ್ಜಿ ಹಾಕಿ, ಸೀಟು ಖಾತ್ರಿ ಮಾಡಿಕೊಂಡ ಮೇಲೆಯೇ ಶಾಲೆ ಬಿಡಬೇಕು. "ಮೊದಲು ಬಿಡ್ತೀನಿ, ಆಮ್ಯಾಲ ನೋಡ್ತೀನಿ" ಅಂದವರು ಹೆಚ್ಚಾಗಿ ನೋಡೋದೇ ಇಲ್ಲ.

ತಂಗಿ ಫೋನ್ ಮಾಡಿದರೆ ಇನ್ನೂ ಹುಷಾರಾಗಿರಿ. ತಮ್ಮ ಶಾಲೆ ಬಿಟ್ಟರೆ ಎರಡು ವರ್ಷ ಬಿಟ್ಟು ವಾಪಸ್ ಬರಬಹುದು. ತಂಗಿ ಬಿಟ್ಟ ವಾರಕ್ಕೇ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ. 18ರ ಒಳಗೆ ಮದುವೆ ಕಾನೂನಿಗೆ ವಿರುದ್ಧ ಅಂತ ಮನೆಯಲ್ಲಿ ನೀವೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅದಕ್ಕೂ 1098 ಇದೆ.

ಬಾಗೇವಾಡಿಯ ಬಸವಣ್ಣನವರು ಉಪನಯನ ಒಲ್ಲೆ ಅಂತ ಮನೆ ಬಿಟ್ಟ ಕಥೆ ನಮಗೆಲ್ಲ ಗೊತ್ತು. ಅವರು ಹೋಗಿದ್ದು ಕೂಡಲಸಂಗಮಕ್ಕೆ, ಕಲಿಯೋದಕ್ಕೆ. ಹಾಗಾಗಿ "ಬಿಡ್ತೀನಿ" ಅಂದವನಿಗೆ "ಎಲ್ಲಿಗೆ ಹೋಗ್ತಿ?" ಅಂತ ಕೇಳಿ. ಉತ್ತರ ಇದ್ದರೆ ಕೂತು ಮಾತಾಡೋಣ. ಇಲ್ಲದಿದ್ದರೆ ಸಿಗೋತನಕ ಶಾಲೆಗೆ ಹೋಗಲಿ.

ಆ ತೊದಲೋ ಹುಡುಗ ಈಗ ಹತ್ತನೇ ಕ್ಲಾಸು. ಅಣ್ಣ ಕನ್ನಡ ಸರ್ ಜೊತೆ ಮಾತಾಡಿದ, ಅವರು ಎದ್ದು ನಿಂತು ಓದಿಸೋದು ಬಿಟ್ಟರು. ಹುಡುಗ ಖುಷಿಯಾಗಿದ್ದಾನೆ ಅಂತ ಹೇಳೋಕಾಗಲ್ಲ. ಹೋಗ್ತಿದ್ದಾನೆ. ಇವತ್ತು ರಾತ್ರಿ ನೀವೂ ಊಟ ಆದಮೇಲೆ ಒಂದು ಫೋನ್ ಮಾಡಿ. ಮಾರ್ಕ್ಸ್ ಎಷ್ಟು ಅಂತ ಮಾತ್ರ ಕೇಳಬೇಡಿ.