ಅಡುಗೆಮನೆ ಚಿಮಣಿ ಶುಚಿಗೆ ಯಾವ ಸಲಕರಣೆ ಸೂಕ್ತ?

ಒಗ್ಗರಣೆಯ ಹೊಗೆ, ಕರಿದ ಎಣ್ಣೆಯ ಆವಿ ನಿತ್ಯವೂ ಸೇರುವುದು ಅಡುಗೆಮನೆಯ ವಿದ್ಯುತ್ ಚಿಮಣಿಯನ್ನು. ಅಲ್ಲಿ ಜಿಡ್ಡು ಕಟ್ಟಿದರೆ ಹೊಗೆ ಎಳೆಯುವ ಶಕ್ತಿ ಕುಂದುತ್ತದೆ. ಒಲೆಯ ಜ್ವಾಲೆ ತಗುಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಇದನ್ನು ಮನೆಯಲ್ಲೇ ಶುಚಿಗೊಳಿಸಬಹುದು. ಆದರೆ ಸಲಕರಣೆ ಕೊಳ್ಳುವ ಮುನ್ನ ಫಿಲ್ಟರ್ ಯಾವ ಬಗೆಯದೆಂದು ತಿಳಿಯಬೇಕು.

ಜಾಲರಿ ಫಿಲ್ಟರ್: ಹಲವು ಪದರಗಳ ಈ ಫಿಲ್ಟರ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಇದಕ್ಕೆ ಕಾಸ್ಟಿಕ್ ಸೋಡಾ ಸಲ್ಲದು. ಅದು ಲೋಹವನ್ನು ತಿನ್ನುವುದಲ್ಲದೆ, ಸುಲಭವಾಗಿ ಹೊತ್ತಿಕೊಳ್ಳುವ ಜಲಜನಕವನ್ನು ಹೊರಸೂಸುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ದ್ರವ ಹಾಗೂ ಮೃದುವಾದ ಬ್ರಷ್ ಸಾಕು. ರಂಧ್ರಗಳು ಬೇಗ ಮುಚ್ಚಿಕೊಳ್ಳುವುದರಿಂದ ಪದೇ ಪದೇ ತೊಳೆಯಬೇಕು.

ಬ್ಯಾಫಲ್ ಫಿಲ್ಟರ್: ಬಾಗಿದ ಸ್ಟೀಲ್ ಪಟ್ಟಿಗಳ ಈ ಫಿಲ್ಟರನ್ನು ಅಗಲವಾದ ಟಬ್‌ನಲ್ಲಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಸುಮಾರು 30 ನಿಮಿಷ ನೆನೆಸಿ. ಸಂದುಗಳಿಗೆ ನೈಲಾನ್ ಬ್ರಷ್, ಮೂಲೆಗಳಿಗೆ ಹಳೆಯ ಟೂತ್‌ಬ್ರಷ್ ಬಳಸಿ. ಸ್ಟೀಲ್ ನಾರು ಬೇಡ, ಗೀರು ಬಿದ್ದೀತು. ಅಂಚುಗಳು ಹರಿತವಾಗಿರುವುದರಿಂದ ದಪ್ಪ ರಬ್ಬರ್ ಕೈಗವಸು ಅಗತ್ಯ.

ಇದ್ದಿಲಿನ ಫಿಲ್ಟರ್: ಹೊಗೆಕೊಳವೆಯಿಲ್ಲದ ಮಾದರಿಗಳಲ್ಲಿರುವ ಇದನ್ನು ಸಾಮಾನ್ಯವಾಗಿ ತೊಳೆಯುವಂತಿಲ್ಲ, ಬದಲಾಯಿಸಬೇಕು.

ಫಿಲ್ಟರ್‌ರಹಿತ ಮಾದರಿಯಲ್ಲಿ ಎಣ್ಣೆ ಸಂಗ್ರಹವಾಗುವ ಬಟ್ಟಲನ್ನು ಆಗಾಗ ಖಾಲಿ ಮಾಡಿದರೆ ಹೆಚ್ಚಿನ ಕೆಲಸ ಮುಗಿಯಿತು.

ಯಾವ ಮಾದರಿಯಾದರೂ ಮೊದಲು ಪ್ಲಗ್ ತೆಗೆಯಿರಿ, ಒಲೆ ಆರಿಸಿರಿ. ಮೋಟಾರಿನ ಮೇಲೆ ನೀರು ಸಿಂಪಡಿಸಬೇಡಿ. ಒಳಭಾಗವನ್ನು ಹಿಂಡಿದ ಬಟ್ಟೆಯಿಂದ ಒರೆಸಿ. ತೊಳೆದ ಫಿಲ್ಟರ್ ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಇಷ್ಟಾದರೂ ಹೊಗೆಕೊಳವೆಯಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಅಥವಾ ಮೋಟಾರ್ ಸದ್ದು ಮಾಡುತ್ತಿದ್ದರೆ, ಬ್ರಷ್ ಕೆಳಗಿಟ್ಟು ತಂತ್ರಜ್ಞರನ್ನು ಕರೆಸುವುದೇ ಕ್ಷೇಮ.